ಇಜ್ಜಲಿಗೊಬ್ಬ ಗಟ್ಟಿ ತಮ್ಮ

ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ದಾರಿಯ ಕಾಮಗೆರೆಯಲ್ಲಿ ಇಸ್ತ್ರಿ ಪೆಟ್ಟಿಗೆಗೆ ಇಜ್ಜಲು ತುಂಬಿದವರಿಗೆ ಅದರ ಗುಣ ಹೇಳಿಕೊಡಬೇಕಿಲ್ಲ. ನೋಡಲು ದಪ್ಪ, ಕೈಗೆ ಹಗುರ, ಅಮುಕಿದರೆ ಪುಡಿ. ಸೌದೆ ಗಾಳಿಯಿಲ್ಲದೆ ಬೆಂದಾಗ ನೀರೂ ಅನಿಲಗಳೂ ಹೊರಟುಹೋಗಿ, ಮರದ ಜೀವಕೋಶಗಳ ಗೋಡೆಗಳಷ್ಟೇ ಇಂಗಾಲವಾಗಿ ಉಳಿಯುತ್ತವೆ. ಕಾರ್ಬನ್ ಫೋಮ್, ಅಂದರೆ ಇಂಗಾಲದ ಗಟ್ಟಿ ನೊರೆ, ಇದರ ತಮ್ಮನೇ. ಇಲ್ಲಿ ಪೊಳ್ಳು ಮಾಡಿದ್ದು ಮರವಲ್ಲ, ಮನುಷ್ಯ.

ಕಲ್ಲಿದ್ದಲಿನ ಟಾರಿನಿಂದ ಬರುವ ಪಿಚ್ಚನ್ನು ಒತ್ತಡದಲ್ಲಿ ಕಾಯಿಸಿದರೆ ಅದು ಸೆಟ್ ದೋಸೆ ಹಿಟ್ಟಿನಂತೆ ಗುಳ್ಳೆಯೇಳುತ್ತದೆ. ಗಟ್ಟಿಯಾದ ನೊರೆಯನ್ನು ಗಾಳಿಯಾಡದ ಕುಲುಮೆಯಲ್ಲಿ ಸುಮಾರು 1000 ಡಿಗ್ರಿಗೆ ಬೇಯಿಸಿದರೆ ಫೋಮ್ ಸಿದ್ಧ. 2016ರಲ್ಲಿ ಚೀನಾದ ಸಂಶೋಧಕರು ಬ್ರೆಡ್ಡನ್ನೇ ಹೀಗೆ ಕರಕಲು ಮಾಡಿ ಗಡುಸಾದ ಫೋಮ್ ಪಡೆದರು. ಅಡುಗೆಮನೆಯಲ್ಲಾಗಿದ್ದರೆ ಬೈಗುಳ ತಿನ್ನುತ್ತಿದ್ದರು!

ತೊಡಕಿರುವುದು ಬಲದಲ್ಲಿ. ಇಂಥ ಫೋಮಿನ ಸಾಂದ್ರತೆಯನ್ನು ಅರ್ಧಕ್ಕಿಳಿಸಿದರೆ ಬಲ ಅರ್ಧಕ್ಕೆ ನಿಲ್ಲದೆ ಸುಮಾರು ಮೂರನೇ ಒಂದು ಭಾಗಕ್ಕೆ ಕುಸಿಯುತ್ತದೆ. ಭಾರ ಬಿದ್ದಾಗ ಗುಳ್ಳೆಗಳ ನಡುವಿನ ಸಣ್ಣ ಕಡ್ಡಿಗಳು ನೇರವಾಗಿ ಹೊರುವುದಿಲ್ಲ, ಬಾಗುತ್ತವೆ. ಬೆಂಕಿಕಡ್ಡಿಯನ್ನು ಉದ್ದಕ್ಕೆ ಎಳೆದು ತುಂಡು ಮಾಡುವುದು ಕಷ್ಟ, ಬಗ್ಗಿಸಿದರೆ ಪಟ್ಟನೆ ಮುರಿಯುತ್ತದಲ್ಲ, ಹಾಗೆ. ಸಾಲದ್ದಕ್ಕೆ ಬೇಯುವಾಗ, ಆರುವಾಗ ಇಂಗಾಲ ಕುಗ್ಗಿ, ಬತ್ತಿದ ಕೆರೆಯಂಗಳದ ಹಾಗೆ ಒಳಗೆಲ್ಲ ಬಿರುಕು ಬಿಡುತ್ತದೆ. ಮುರಿತ ಶುರುವಾಗುವುದು ಅಲ್ಲಿಂದಲೇ.

ಬಿರುಕಿಗೆ ಮೊದಲ ಮದ್ದು ತಾಳ್ಮೆ: ಕುಲುಮೆಯ ಕಾವನ್ನು ನಿಧಾನವಾಗಿ ಏರಿಸಿ ನಿಧಾನವಾಗಿ ಇಳಿಸಬೇಕು. ಎರಡನೆಯದು ನಮ್ಮ ಹಳೇ ಮಣ್ಣಿನ ಗೋಡೆಯವರಿಗೆ ಗೊತ್ತಿದ್ದ ಉಪಾಯ. ಅವರು ಮಣ್ಣಿಗೆ ಹುಲ್ಲು ಹಾಕಿ ತುಳಿದರು, ಫೋಮ್ ಮಾಡುವವರು ಪಿಚ್ಚಿಗೆ ಕಾರ್ಬನ್ ನೂಲಿನ ತುಣುಕುಗಳನ್ನೋ ನ್ಯಾನೊ ಕೊಳವೆಗಳನ್ನೋ ಬೆರೆಸುತ್ತಾರೆ. ಬಿರುಕು ಹಬ್ಬಲು ಹೊರಟರೆ ನೂಲು ಅಡ್ಡಗಟ್ಟುತ್ತದೆ. ಆಸೆಪಟ್ಟು ಹೆಚ್ಚು ಹಾಕಿದರೆ ಪಿಚ್ಚು ಮಂದವಾಗಿ ಗುಳ್ಳೆಯೇ ಸರಿಯಾಗಿ ಏಳದು. ಇನ್ನೊಂದು ದಾರಿ, ಕಾದ ಫೋಮಿನೊಳಗೆ ಮೀಥೇನ್ ಹಾಯಿಸುವುದು. ಅನಿಲ ಒಡೆದು ಕಡ್ಡಿಗಳ ಮೇಲೆ ಇಂಗಾಲದ ಲೇಪ ಕೂರುತ್ತದೆ. ಲೇಪ ದಪ್ಪವಾದಷ್ಟೂ ತೂಕವೂ ಏರುತ್ತದೆ, ಅದೇ ಪೇಚು.

ಜಾಣ ಎಂಜಿನಿಯರುಗಳು ಫೋಮಿನ ಮೇಲಿನ ಹೊರೆಯನ್ನೇ ಇಳಿಸುತ್ತಾರೆ. ಅದನ್ನು ಎರಡು ತೆಳು ಕಾರ್ಬನ್ ನೂಲಿನ ಹಾಳೆಗಳ ನಡುವೆ ಅಂಟಿಸುತ್ತಾರೆ. ಹೀಗಾದ ಹಲಗೆ ಬಾಗಿದಾಗ ಎಳೆತ, ಒತ್ತಡ ಎರಡನ್ನೂ ಆ ಹಾಳೆಗಳು ಹೊರುತ್ತವೆ. ನಡುವಿನ ಫೋಮು ಅವು ಒಂದಕ್ಕೊಂದು ಜಾರದಂತೆ, ದೂರ ಕೆಡದಂತೆ ಹಿಡಿದುಕೊಂಡರೆ ಸಾಕು.