ಹೊಸಬರ ಕಾಟ, ಹಳಬರ ಹೊಣೆ

ಆಟವು ಬಯಲನ್ನು ಬಿಟ್ಟು ಅಂಗೈಯೊಳಗಣ ಯಂತ್ರವನ್ನು ಹೊಕ್ಕು ಬಹುಕಾಲವಾಯಿತು. ಹೇಮಾವತಿಯು ಹುಟ್ಟುವ ಜಾವಳಿಯಿಂದ ಮೊದಲ್ಗೊಂಡು ಇತ್ತ ಮೂಡಿಗೆರೆ, ಅತ್ತ ಕಳಸದವರೆಗೆ ಕಾಫಿತೋಟಗಳ ನಡುವೆ ಚದುರಿರುವ ಊರುಗಳಲ್ಲಿ, ಸಂಜೆಯ ಹೊತ್ತು ಅಂಗಡಿಯ ಜಗಲಿಯ ಮೇಲೆ ನಾಲ್ವರು ಹುಡುಗರು ತಲೆ ತಗ್ಗಿಸಿ ಕುಳಿತು, ಎದುರಿಗಿಲ್ಲದ ಯಾರನ್ನೋ ಗದರಿಸುತ್ತಿದ್ದರೆ, ಅವರಿಗೆ ಏನೋ ಆಗಿದೆಯೆಂದು ದಾರಿಹೋಕರು ಗಾಬರಿಗೊಳ್ಳಬೇಕಾದುದಿಲ್ಲ. ಅವರು ಮೊಬೈಲಿನೊಳಗಣ ಒಂದು ಕಲ್ಪಿತ ದ್ವೀಪದಲ್ಲಿ ಯುದ್ಧಮಗ್ನರಾಗಿರುವರು; ಗದರಿಕೆಗೆ ಗುರಿಯಾದವನು ಬಹುಮಟ್ಟಿಗೆ ಅದೇ ದಿನ ಆಟಕ್ಕೆ ಸೇರಿದ ಹೊಸಬನಾಗಿರುವನು.

ಇಂತಹ ಆಟಗಳು ಒಳ್ಳೆಯವೋ ಕೆಟ್ಟವೋ ಎಂಬ ಚರ್ಚೆಯು ಮನೆಮನೆಯಲ್ಲಿಯೂ ನಡೆಯುತ್ತಲಿದೆ. ಅದನ್ನು ಇಂದು ನಾವು ಕೈಗೆತ್ತಿಕೊಳ್ಳುವುದಿಲ್ಲ. ಆಟವನ್ನು ಆಡುವವರು ಲಕ್ಷಾಂತರ ಮಂದಿ ಇರುವರಷ್ಟೆ. ಅವರು ಪರಸ್ಪರ ಹೇಗೆ ನಡೆದುಕೊಳ್ಳುತ್ತಾರೆಂಬುದೂ ವಿಚಾರಾರ್ಹವಾದ ಸಂಗತಿಯೇ. ಅದರಲ್ಲಿಯೂ, ಕಲಿಯಲು ಬಂದು ಕಾಡುವ ಹೊಸಬರನ್ನು ಹಳಬರು ಹೇಗೆ ಕಾಣಬೇಕೆಂಬ ಪ್ರಶ್ನೆಯು ಹುಡುಗಾಟದ ಪ್ರಶ್ನೆಯಾಗಿ ತೋರಿದರೂ ಹುಡುಗಾಟಕ್ಕೆ ಮಾತ್ರ ಸೇರಿದುದಲ್ಲ.

ಆಡದ ವಾಚಕರಿಗಾಗಿ ಎರಡು ಮಾತು. ೨೦೨೦ರ ಸೆಪ್ಟೆಂಬರಿನಲ್ಲಿ ಭಾರತ ಸರ್ಕಾರವು ನಿಷೇಧಿಸಿದ ೧೧೮ ಆ್ಯಪುಗಳಲ್ಲಿ ‘ಪಬ್‌ಜಿ’ ಎಂಬ ಆಟವೂ ಒಂದು. ಅದರ ಸ್ಥಾನದಲ್ಲಿ ೨೦೨೧ರ ಜುಲೈ ತಿಂಗಳಲ್ಲಿ ‘ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ’ ಬಂದಿತು. ಮರುವರ್ಷ ಅದನ್ನೂ ತೆಗೆಯಿಸಲಾಗಿ, ೨೦೨೩ರ ಮೇ ತಿಂಗಳಲ್ಲಿ ಅದು ಮರಳಿತು. ಇದರಲ್ಲಿ ಸುಮಾರು ನೂರು ಮಂದಿ ಬರಿಗೈಯಲ್ಲಿ ವಿಮಾನದಿಂದ ಇಳಿದು, ಮನೆಗಳನ್ನು ಹೊಕ್ಕು ಆಯುಧಗಳನ್ನು ಹುಡುಕಿ, ದಿನದಿನಕ್ಕಲ್ಲ, ನಿಮಿಷನಿಮಿಷಕ್ಕೆ ಕಿರಿದಾಗುವ ವೃತ್ತದೊಳಗೆ ಕೊನೆಯವರೆಗೂ ಉಳಿಯಲು ಹೆಣಗುವರು. ನಾಲ್ವರದೊಂದು ತಂಡ. ತಂಡದವರು ಒಬ್ಬರ ಮಾತನ್ನೊಬ್ಬರು ಕೇಳಬಹುದು. ಪೆಟ್ಟು ತಿಂದು ಬಿದ್ದವನನ್ನು ಜೊತೆಗಾರನು ಹತ್ತಿರ ಬಂದು ಎಬ್ಬಿಸಬಹುದು. ನಾಲ್ವರಲ್ಲಿ ಮೂವರು ಪರಿಚಿತರಾಗಿದ್ದು ನಾಲ್ಕನೆಯವನನ್ನು ಯಂತ್ರವೇ ಆರಿಸಿ ಕೊಡುವುದುಂಟು. ಕಾಟವು ಆರಂಭವಾಗುವುದು ಅಲ್ಲಿಯೇ.

‘ಅಣ್ಣಾ, ಬಂದೂಕು ಕೊಡಿ.’ ‘ಅಣ್ಣಾ, ಎಬ್ಬಿಸಿ.’ ‘ಅಣ್ಣಾ, ಇದನ್ನು ಒತ್ತಿದರೆ ಏನಾಗುತ್ತದೆ?’ ಶತ್ರುವು ಬಾಗಿಲಲ್ಲಿ ಹೊಂಚುಹಾಕಿರುವಾಗ ಈ ಮೂರನೆಯ ಪ್ರಶ್ನೆ ಬರುವುದು. ಆಟ ಮುಗಿದ ಮೇಲೆ ಸ್ನೇಹದ ಕೋರಿಕೆ, ಅದನ್ನು ಒಪ್ಪಿದರೆ ಗಳಿಗೆಗೊಂದರಂತೆ ಆಮಂತ್ರಣ, ಅದಾದ ಮೇಲೆ ‘ನಿಮ್ಮ ಹಾಗೆ ಒಂದು ಅಂಗಿ ನನಗೂ ಕೊಡಿಸಿ’ ಎಂಬ ಬೇಡಿಕೆ. ಹಳಬನು ಸಿಡುಕುವನು. ‘ನೂಬ್’ ಎಂದು ಬೈಯುವನು. ‘ನ್ಯೂಬಿ’ ಎಂಬ ಮಾತು ಸವೆದು ಈ ರೂಪಕ್ಕೆ ಬಂದಿದೆ; ಮೂಲದಲ್ಲಿ ಹೊಸಬನೆಂದಿಷ್ಟೇ ಅರ್ಥವಿದ್ದುದು, ಈಗ ಕಲಿಯಲಾರದ ಮಂಕನೆಂಬ ಬೈಗುಳಾಗಿದೆ. ಹೊಸತನವೇ ಅಪರಾಧವಾದ ಭಾಷೆಯಿದು.

ಈ ತೊಡಕು ಇಂದಿನದಲ್ಲ. ೧೯೭೮ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾನಿಲಯದಲ್ಲಿ ರಾಯ್ ಟ್ರಬ್‌ಷಾ ಎಂಬ ವಿದ್ಯಾರ್ಥಿಯು ‘ಮಡ್’ ಎಂಬ, ಚಿತ್ರಗಳಿಲ್ಲದೆ ಬರಿಯ ಬರೆಹದಲ್ಲಿ ನಡೆಯುವ ಆಟವನ್ನು ರಚಿಸತೊಡಗಿದನು. ರಿಚರ್ಡ್ ಬಾರ್ಟಲ್ ಎಂಬಾತನು ಅದನ್ನು ಬೆಳೆಯಿಸಿದನು. ಸಾಕಷ್ಟು ಅಂಕಗಳನ್ನು ಗಳಿಸಿದವರಿಗೆ ಅಲ್ಲಿ ಮಾಂತ್ರಿಕಪದವಿಯು ದೊರೆಯುತ್ತಿತ್ತು. ಆ ಪದವಿಯ ಬಲದಿಂದ ಹೊಸಬರನ್ನು ಉದ್ಧರಿಸಲೂಬಹುದು, ಗೋಳುಗುಟ್ಟಿಸಲೂಬಹುದು. ಬಾರ್ಟಲ್ ಮಹಾಶಯನು ೧೯೯೬ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಆಟಗಾರರನ್ನು ಸಾಧಕರು, ಅನ್ವೇಷಕರು, ಸ್ನೇಹಪರರು, ಹಿಂಸಕರು ಎಂದು ನಾಲ್ಕು ಬಗೆಯಾಗಿ ವಿಂಗಡಿಸಿ, ಹಿಂಸಕರು ಹೆಚ್ಚಿದಲ್ಲಿ ಸ್ನೇಹಪರರು ತೊಲಗುವರೆಂದು ತೋರಿಸಿಕೊಟ್ಟನು. ಊರ ಚಾವಡಿಯನ್ನು ಬಲ್ಲವರಿಗೆ ಇದನ್ನು ತಿಳಿಯಲು ಪ್ರಬಂಧವು ಬೇಕಾಗಿರಲಿಲ್ಲವೆನ್ನಬಹುದು. ಆದರೂ ಹೇಳಿದ್ದು ದಿಟ.

ನಮಗೆ ತೋರುವಮಟ್ಟಿಗೆ, ಕಾಡುವ ಹೊಸಬರೆಲ್ಲರನ್ನೂ ಒಂದೇ ಗುಂಪಿಗೆ ಸೇರಿಸುವುದೇ ಮೊದಲನೆಯ ಅನ್ಯಾಯ. ತಿಳಿಯದೆ ಕೇಳುವವನು ಬೇರೆ. ಹೇಳಿದರೂ ತಿಳಿದುಕೊಳ್ಳುವ ಶ್ರಮವನ್ನು ವಹಿಸದೆ ಮತ್ತೆ ಮತ್ತೆ ಕೇಳುವವನು ಬೇರೆ. ಬೇಡುವುದಕ್ಕೆಂದೇ ಬಂದವನು ಬೇರೆ. ಇವರ ಹೊರತಾಗಿ, ಇನ್ನೊಬ್ಬರ ಆಟವನ್ನು ಕೆಡಿಸುವುದರಲ್ಲಿಯೇ ಸುಖವನ್ನು ಕಾಣುವವನೊಬ್ಬನಿರುವನು. ಅವನು ಅನೇಕ ವೇಳೆ ಹೊಸಬನೇ ಆಗಿರುವುದಿಲ್ಲ, ಹೊಸಬನ ವೇಷವನ್ನು ತೊಟ್ಟವನು.

ಜಾವಳಿಯಂತಹ ಮಲೆನಾಡಿನ ಊರುಗಳ ವಿಚಾರದಲ್ಲಿ ಇನ್ನೊಂದು ಅಂಶವನ್ನು ಗಮನಿಸಬೇಕು. ಆಟದ ಆಜ್ಞೆಯು ನಮ್ಮ ಕೈಯಿಂದ ದೂರದ ಸರ್ವರ್ ಯಂತ್ರಕ್ಕೆ ಹೋಗಿ ಬರಲು ಕಾಲ ಹಿಡಿಯುತ್ತದೆ. ಒಳ್ಳೆಯ ಸಂಪರ್ಕವುಳ್ಳ ನಗರದಲ್ಲಿ ಇದು ಸೆಕೆಂಡಿನ ಸಾವಿರ ಪಾಲಿನಲ್ಲಿ ಮೂವತ್ತೋ ನಲವತ್ತೋ ಪಾಲಾದರೆ, ದುರ್ಬಲವಾದ ಸಿಗ್ನಲ್ಲಿನಲ್ಲಿ ಮುನ್ನೂರನ್ನು ದಾಟುವುದು ಅಪರೂಪವಲ್ಲ. ಕಣ್ಣಿಗೆ ಕಂಡುದಕ್ಕೆ ಮನುಷ್ಯನ ಕೈಯು ಪ್ರತಿಕ್ರಿಯಿಸಲು ಬೇಕಾಗುವ ಕಾಲವು ಸುಮಾರು ಕಾಲು ಸೆಕೆಂಡು. ಎಂದಮೇಲೆ, ಬೆಂಗಳೂರಿನ ಹುಡುಗನು ಗುಂಡು ಹಾರಿಸಿ ಮುಗಿಸಿದ ತರುವಾಯ ಜಾವಳಿಯ ಹುಡುಗನಿಗೆ ಶತ್ರುವು ಕಾಣಿಸಿಕೊಳ್ಳುವನು. ಮಳೆಗಾಲದಲ್ಲಿ ಗಾಳಿಗೆ ಮರ ಬಿದ್ದು ವಿದ್ಯುತ್ತು ಹೋದರೆ ಸಿಗ್ನಲ್ಲೇ ಇಲ್ಲವಾಗಿ, ಆಟದ ನಡುವೆ ಅವನು ಗೊಂಬೆಯಂತೆ ನಿಂತುಬಿಡುವನು. ಕೊರೋನಾ ಕಾಲದಲ್ಲಿ, ೨೦೨೦ ಮತ್ತು ೨೦೨೧ರಲ್ಲಿ, ಪಾಠ ಕೇಳುವುದಕ್ಕಾಗಿ ಮಲೆನಾಡಿನ ಮಕ್ಕಳು ಗುಡ್ಡವನ್ನೇರಿ ಕುಳಿತುದನ್ನು ನಾಡೇ ಕಂಡಿದೆ. ಅದೇ ಮಕ್ಕಳು ಆಟಕ್ಕೆ ಬಂದಾಗ, ತಂಡದ ಉಳಿದ ಮೂವರು ‘ನೂಬ್’ ಎಂದು ಹೀಯಾಳಿಸಿದರೆ, ಆ ಬೈಗುಳು ಬೀಳುವುದು ಹುಡುಗನ ಮೇಲಲ್ಲ, ಅವನ ಊರಿನ ಮೇಲೆ.

ಹೊಸಬರಿಗೆ ಸ್ಥಳವನ್ನು ಕಲ್ಪಿಸಿಕೊಡುವ ವಿದ್ಯೆಯು ನಮ್ಮಲ್ಲಿಲ್ಲದುದಲ್ಲ. ಯಕ್ಷಗಾನದ ಮೇಳಕ್ಕೆ ಸೇರಿದ ಹುಡುಗನು ಮೊದಲ ರಾತ್ರಿಯೇ ಕರ್ಣನಾಗುವುದಿಲ್ಲ. ಪ್ರಸಂಗವು ಆರಂಭವಾಗುವುದಕ್ಕೆ ಮೊದಲು, ಪೂರ್ವರಂಗದಲ್ಲಿ, ಕೋಡಂಗಿಯ ವೇಷದಲ್ಲಿ ಕುಣಿಯುವನು, ಬಳಿಕ ಬಾಲಗೋಪಾಲನಾಗುವನು, ಹೆಜ್ಜೆ ತಪ್ಪಿದರೂ ಕಥೆ ಕೆಡುವುದಿಲ್ಲ, ತಾಳ ತಪ್ಪಿದರೆ ತಿದ್ದಲು ಭಾಗವತರು ಅಲ್ಲಿಯೇ ಇರುವರು. ಕಾಫಿಯ ತೋಟದಲ್ಲಿಯೂ ಹೀಗೆಯೇ. ಹಣ್ಣಿನ ಕುಯ್ಲಿಗೆ ಹೊಸದಾಗಿ ಬಂದ ಆಳು ಹಸುರುಕಾಯಿಯನ್ನೂ ಹಣ್ಣನ್ನೂ ಒಟ್ಟಿಗೆ ಉದುರಿಸಿಬಿಡುವನು. ತಿಳಿದ ಮೇಸ್ತ್ರಿಯು ಅವನನ್ನು ಕೂಗಾಡಿ ಓಡಿಸದೆ, ಕೈ ಪಳಗಿದವರ ಪಕ್ಕದ ಸಾಲಿಗೆ ಹಾಕುವನು. ಕೋಡಂಗಿಯ ವೇಷವು ಕೀಳೆಂದು ಮೇಳದಲ್ಲಿ ಯಾರೂ ನಗುವುದಿಲ್ಲ. ದೊಡ್ಡ ವೇಷಧಾರಿಗಳಲ್ಲಿ ಅನೇಕರು ಅದನ್ನು ಕಟ್ಟಿಯೇ ಮುಂದೆ ಬಂದವರು.

ಆಟಗಳನ್ನು ರಚಿಸುವವರೂ ಈ ದಾರಿಯಲ್ಲಿ ಕೆಲಮಟ್ಟಿಗೆ ಯೋಚಿಸಿರುವರು. ಸಮಬಲರನ್ನು ಸಮಬಲರೊಡನೆ ಕೂಡಿಸುವ ಲೆಕ್ಕವು ಚದುರಂಗದಿಂದ ಬಂದುದು. ಹಂಗೆರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಭೌತಶಾಸ್ತ್ರದ ಅಧ್ಯಾಪಕರಾಗಿದ್ದ ಅರ್ಪಾದ್ ಎಲೋ ಎಂಬವರು ರೂಪಿಸಿದ ಅಂಕಪದ್ಧತಿಯನ್ನು ಅಂತರರಾಷ್ಟ್ರೀಯ ಚದುರಂಗ ಸಂಸ್ಥೆಯು ೧೯೭೦ರಲ್ಲಿ ಸ್ವೀಕರಿಸಿತು. ಇಬ್ಬರ ನಡುವೆ ೨೦೦ ಅಂಕಗಳ ಅಂತರವಿದ್ದರೆ ಬಲಿಷ್ಠನು ನಾಲ್ಕರಲ್ಲಿ ಸುಮಾರು ಮೂರು ಪಾಲು ಗೆಲ್ಲುವನೆಂದೂ, ೪೦೦ ಇದ್ದರೆ ಹನ್ನೊಂದರಲ್ಲಿ ಹತ್ತು ಪಾಲು ಗೆಲ್ಲುವನೆಂದೂ ಆ ಲೆಕ್ಕವು ಹೇಳುತ್ತದೆ. ಇದೇ ತತ್ತ್ವದ ಮೇಲೆ ಮೊಬೈಲಿನ ಆಟಗಳಲ್ಲಿಯೂ ಕಂಚು, ಬೆಳ್ಳಿ, ಚಿನ್ನ ಎಂದು ಮೆಟ್ಟಲುಗಳಿವೆ. ಕೆಳಗಣ ಮೆಟ್ಟಲಿನಲ್ಲಿ ಎದುರಾಳಿಗಳಲ್ಲಿ ಎಷ್ಟೋ ಮಂದಿ ಮನುಷ್ಯರೇ ಅಲ್ಲ, ಸುಲಭವಾಗಿ ಸೋಲುವ ಯಂತ್ರಗೊಂಬೆಗಳು. ಕೋಡಂಗಿಯ ಕುಣಿತಕ್ಕೆ ಬೇಕಾದ ರಂಗವು ಹೀಗೆ ಸಿದ್ಧವಾಗಿಯೇ ಇದೆ.

ಇದನ್ನು ಕೆಡಿಸುವವರು ಇಬ್ಬರು. ಒಬ್ಬನು ದಯಾಳು, ಕಾಡುವ ತಮ್ಮನನ್ನೋ ನೆಂಟನನ್ನೋ ಬೆನ್ನ ಮೇಲೆ ಹೊತ್ತು, ತಾನೇ ಹೋರಾಡಿ, ಅವನನ್ನು ವಜ್ರದ ಮೆಟ್ಟಲಿಗೆ ಮುಟ್ಟಿಸುವನು. ಮಾರನೆಯ ದಿನ ಅಣ್ಣನಿಲ್ಲದೆ ಆಡಿದ ಹುಡುಗನು ಇಳಿದ ಗಳಿಗೆಯಲ್ಲೇ ಸಾಯುವನು, ತಂಡದವರಿಂದ ಬೈಸಿಕೊಳ್ಳುವನು, ಸಹಾಯಕ್ಕಾಗಿ ಇನ್ನೂ ಹೆಚ್ಚಾಗಿ ಕಾಡುವನು. ಇನ್ನೊಬ್ಬನು ನಿಷ್ಕರುಣಿ, ಪಳಗಿದವನಾಗಿದ್ದೂ ಹೊಸ ಹೆಸರಿನಲ್ಲಿ ಖಾತೆ ತೆರೆದು ಕೆಳಗಿನ ಮೆಟ್ಟಲಿಗೆ ಬಂದು ಎಳೆಯರನ್ನು ಬೇಟೆಯಾಡುವನು. ಹೊಸಬರ ಕಾಟವನ್ನು ಕುರಿತು ಗೊಣಗುವವರು ಹಳಬರ ಈ ಕಾಟವನ್ನು ಕುರಿತು ಮಾತನಾಡದಿರುವುದು ವಿಷಾದನೀಯ.

ಪರದೇಶಗಳ ಕೆಲವು ಪ್ರಯೋಗಗಳನ್ನು ಇಲ್ಲಿ ಹೇಳಬಹುದು. ಐಸ್‌ಲೆಂಡಿನವರು ೨೦೦೩ರಲ್ಲಿ ಹೊರತಂದ ‘ಈವ್ ಆನ್‌ಲೈನ್’ ಎಂಬ ಆಟವು ಮೋಸ, ಲೂಟಿ, ವಿಶ್ವಾಸದ್ರೋಹಗಳಿಗೆ ಹೆಸರುವಾಸಿಯಾದುದು. ಅಂತಹ ಆಟದಲ್ಲಿಯೂ ಹೊಸಬರು ಕಾಲಿಡುವ ಕೆಲವು ನಕ್ಷತ್ರಮಂಡಲಗಳಲ್ಲಿ ಅವರನ್ನು ಪೀಡಿಸಕೂಡದೆಂಬ ಕಟ್ಟಳೆಯಿದೆ. ಆಟಗಾರರೇ ೨೦೦೪ರಲ್ಲಿ ‘ಈವ್ ಯೂನಿವರ್ಸಿಟಿ’ ಎಂಬ ಸಂಘವನ್ನು ಸ್ಥಾಪಿಸಿ ಹೊಸಬರಿಗೆ ಪಾಠ ಹೇಳುತ್ತ ಬಂದಿರುವರು. ಲೂಟಿಗಾರರಿಗೂ ಮುಂದಿನ ಪೀಳಿಗೆಯು ಬೇಕಷ್ಟೆ! ಜಪಾನಿನ ‘ಫೈನಲ್ ಫ್ಯಾಂಟಸಿ’ ಎಂಬ ಮಾಲೆಯ ಹದಿನಾಲ್ಕನೆಯ ಆಟದಲ್ಲಿ ಹೊಸಬನ ಹೆಸರಿನ ಪಕ್ಕದಲ್ಲಿ ಒಂದು ಮೊಳಕೆಯ ಚಿಹ್ನೆಯಿರುವುದು, ಕಲಿಸುವವನ ಹೆಸರಿನ ಪಕ್ಕದಲ್ಲಿ ಕಿರೀಟ. ಮೊಳಕೆಯನ್ನು ಕಂಡವರು ತಾಳ್ಮೆಯಿಂದಿರುವರು. ಕಿರೀಟವನ್ನು ಮಾತ್ರ ಧರಿಸಿ ಕಲಿಸದಿರುವವರೂ ಉಂಟೆಂಬ ದೂರು ಅಲ್ಲಿಯೂ ಇದೆ. ಕಿರೀಟವಿದ್ದಲ್ಲೆಲ್ಲ ಇದು ಇದ್ದದ್ದೇ.

‘ಜರ್ನಿ’ ಎಂಬ ೨೦೧೨ರ ಆಟದ ಸಂಗತಿಯು ಇವೆಲ್ಲಕ್ಕಿಂತ ಬೋಧಪ್ರದವಾಗಿದೆ. ಅದರಲ್ಲಿ ಅಪರಿಚಿತರಿಬ್ಬರು ಮರುಭೂಮಿಯಲ್ಲಿ ಜೊತೆಯಾಗುವರು. ರಚಿಸುತ್ತಿರುವಾಗ, ಒಬ್ಬರನ್ನೊಬ್ಬರು ನೂಕಲು ಸಾಧ್ಯವಿದ್ದುದರಿಂದ, ಆಡಿದವರು ನೆರವಾಗುವುದಕ್ಕೆ ಬದಲಾಗಿ ಜೊತೆಗಾರನನ್ನು ಹಳ್ಳಕ್ಕೆ ತಳ್ಳತೊಡಗಿದರಂತೆ. ರಚಕರು ಉಪದೇಶವನ್ನು ಮಾಡಲಿಲ್ಲ; ನೂಕುವ ಶಕ್ತಿಯನ್ನೇ ತೆಗೆದುಹಾಕಿದರು. ಮಾತಿಗೂ ಅವಕಾಶವಿಲ್ಲ, ಹಕ್ಕಿಯಂತೆ ಒಂದು ದನಿಗೈಯಬಹುದು ಅಷ್ಟೆ. ಹಳಬರು ಹೊಸಬರಿಗೆ ದಾರಿ ತೋರಿಸುತ್ತ ಆಟದುದ್ದಕ್ಕೂ ಜೊತೆಯಲ್ಲಿ ನಡೆಯುವುದು ಅಲ್ಲಿ ಸಾಮಾನ್ಯವಾಯಿತು. ೨೦೧೯ರಲ್ಲಿ ಬಂದ ‘ಏಪೆಕ್ಸ್ ಲೆಜೆಂಡ್ಸ್’ ಎಂಬ ಆಟವು, ಒಂದು ಗುಂಡಿಯನ್ನೊತ್ತಿದೊಡನೆ ‘ಇಲ್ಲಿ ಶತ್ರು’, ‘ಇಲ್ಲಿ ಮದ್ದುಗುಂಡು’ ಎಂದು ಗುರುತು ತೋರುವ ಏರ್ಪಾಡನ್ನು ಬಲು ನಯವಾಗಿ ರೂಪಿಸಿತು. ಕನ್ನಡವೊಂದನ್ನೇ ಬಲ್ಲ ಹುಡುಗನಿಗೂ ಹಿಂದಿಯ ತಂಡದಲ್ಲಿ ಇಂತಹ ಗುರುತುಗಳಿಂದ ಕೆಲಸ ಸಾಗುವುದು. ಅರ್ಧದಷ್ಟು ಪ್ರಶ್ನೆಗಳಿಗೆ ಬಾಯಿ ತೆರೆಯಬೇಕಾದ ಅಗತ್ಯವೇ ಇಲ್ಲ.

ಹಾಗಾದರೆ ಆಡುವವನು ಮಾಡಬೇಕಾದುದೇನು? ತಿಳಿಯದೆ ಕೇಳಿದವನಿಗೆ ಒಂದು ಸಲ ಪೂರ್ತಿಯಾಗಿ, ಆಟದ ನಡುವೆಯಲ್ಲದೆ ಆಟ ಮುಗಿದ ಮೇಲೆ, ಹೇಳಿಕೊಡುವುದು. ‘ಈಗ ಸುಮ್ಮನೆ ನನ್ನ ಹಿಂದೆ ಬಾ, ಮುಗಿದಮೇಲೆ ಹೇಳುತ್ತೇನೆ’ ಎಂಬ ಒಂದು ಮಾತಿನಿಂದ ಎಷ್ಟೋ ಕಾಟವು ತಗ್ಗುವುದು. ಎರಡನೆಯ ಸಲ ಅದನ್ನೇ ಕೇಳಿದರೆ, ಒಬ್ಬನೇ ಹೋಗಿ ಅಭ್ಯಾಸರಂಗದಲ್ಲಿ ಮಾಡಿ ನೋಡೆಂದು ಕಳುಹಿಸುವುದು. ಆಮಂತ್ರಣಗಳ ಸುರಿಮಳೆಗೆ ಪ್ರತಿಯಾಗಿ, ವಾರದಲ್ಲಿ ಇಂತಹ ದಿನ ಇಷ್ಟು ಹೊತ್ತು ನಿನ್ನೊಡನೆ ಆಡುವೆನೆಂದು ಗೊತ್ತುಮಾಡಿ, ಉಳಿದ ಹೊತ್ತು ನಿರಾಕರಿಸುವುದು. ನಿರಾಕರಣೆಗೆ ಬೈಗುಳು ಬೇಕಾಗಿಲ್ಲ. ಬರಿಯ ಕೆಡುಕಿಗಾಗಿ ಬಂದವನನ್ನು ‘ಮ್ಯೂಟ್’ ಮಾಡಿ, ಮಿತಿಮೀರಿದರೆ ‘ರಿಪೋರ್ಟ್’ ಮಾಡಿ ಮುಂದುವರಿಯುವುದು. ‘ನಿನ್ನ ಬಾಯಿ ಮುಚ್ಚಿಸಿದೆ ನೋಡು’ ಎಂದು ಸಾರಿ ಮುಚ್ಚಿಸುವುದು ಅವನಿಗೆ ಬೇಕಾದ ಔತಣವನ್ನು ಬಡಿಸಿದಂತೆ.

ಬೇಡುವವರ ವಿಚಾರದಲ್ಲಿ ನಾವು ಕಠಿನವಾಗಿಯೇ ಹೇಳಬೇಕಾಗಿದೆ. ಆಟದೊಳಗೆ ಸಿಕ್ಕ ಮದ್ದು, ಬಂದೂಕುಗಳನ್ನು ಹಂಚಿಕೊಳ್ಳುವುದು ಯುಕ್ತ. ಹಣಕ್ಕೆ ಕೊಳ್ಳುವ ‘ಯುಸಿ’ ನಾಣ್ಯವನ್ನೂ ಉಡುಪನ್ನೂ ಕೇಳಿದವರಿಗೆಲ್ಲ ಕೊಡುವುದು ಯುಕ್ತವಲ್ಲ. ಇದರಲ್ಲಿ ಜಿಪುಣತನದ ಮಾತಿಲ್ಲ. ಬೇಡುವ ಚಾಳಿಗೆ ಬಿದ್ದ ಎಳೆಯನ ಬಳಿಗೆ, ಉಚಿತವಾಗಿ ನಾಣ್ಯ ಕೊಡುವೆನೆಂದು ನಂಬಿಸಿ ಲಿಂಕನ್ನು ಕಳುಹಿಸುವ ವಂಚಕನು ಬಂದೇ ಬರುವನು. ಹುಡುಗನ ಕೈಯಲ್ಲಿರುವುದು ಬಹುಶಃ ತಂದೆಯ ಮೊಬೈಲು. ಅದರಲ್ಲಿಯೇ ಬ್ಯಾಂಕಿನ ಒಟಿಪಿ ಬರುವುದು. ಹಾಗೆ ಹಣ ಹೋದರೆ ಹೆದರಿ ಮುಚ್ಚಿಡದೆ ಆ ಕ್ಷಣವೇ ೧೯೩೦ ಎಂಬ ರಾಷ್ಟ್ರೀಯ ಸಹಾಯವಾಣಿಗೆ ತಿಳಿಸಬೇಕೆಂಬುದನ್ನು, ಬಂದೂಕಿನ ಗುರಿಯನ್ನು ಕಲಿಸುವುದಕ್ಕೆ ಮೊದಲೇ ಹಳಬರು ಕಲಿಸಿಕೊಡಲಿ.

ಸರ್ಕಾರದ ಕಾಯಿದೆಗಳಿಂದ ಈ ವಿಷಯದಲ್ಲಿ ಹೆಚ್ಚಿನದೇನನ್ನೂ ನಿರೀಕ್ಷಿಸುವಂತಿಲ್ಲ. ಕರ್ನಾಟಕವು ೨೦೨೧ರಲ್ಲಿ ಮಾಡಿದ ಪೊಲೀಸ್ ತಿದ್ದುಪಡಿಯ ಮುಖ್ಯಭಾಗಗಳನ್ನು ಉಚ್ಚ ನ್ಯಾಯಾಲಯವು ೨೦೨೨ರ ಫೆಬ್ರವರಿಯಲ್ಲಿ ರದ್ದುಗೊಳಿಸಿತು. ೨೦೨೫ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆಯು ಹಣವಿಟ್ಟಾಡುವ ಆಟಗಳನ್ನು ನಿಷೇಧಿಸಿ ಇ-ಕ್ರೀಡೆಗೆ ಮನ್ನಣೆ ನೀಡಿತು. ಇವೆರಡೂ ಜೂಜನ್ನು ಕುರಿತವು. ಜೊತೆಗಾರನೊಡನೆ ಹೇಗೆ ಮಾತನಾಡಬೇಕೆಂಬುದು ಯಾವ ಸೆಕ್ಷನ್ನಿಗೂ ಒಳಪಡದು. ಅಧಿಕಾರಿಗಳಿಂದ ಆಗಬಹುದಾದ ಕೆಲಸವು ಬೇರೊಂದಿದೆ. ಜಾವಳಿಯಿಂದ ಕಳಸದವರೆಗಣ ಮೊಬೈಲ್ ಗೋಪುರಗಳು ವಿದ್ಯುತ್ತು ಹೋದರೂ ಮೂಕವಾಗದಂತೆ ಬ್ಯಾಟರಿಯನ್ನೂ ಜನರೇಟರಿಗೆ ಡೀಸೆಲನ್ನೂ ಮಳೆಗಾಲಕ್ಕೆ ಮುಂಚಿತವಾಗಿ ಒದಗಿಸುವಂತೆ ಸಂಬಂಧಪಟ್ಟವರನ್ನು ಎಚ್ಚರಿಸಲಿ. ಪಾಠ ಕೇಳುವ ಮಗುವಿಗೂ, ವೈದ್ಯರನ್ನು ಕರೆಯಬೇಕಾದ ಮನೆಯವರಿಗೂ ಬೇಕಾಗಿರುವುದು ಅದೇ ಗೋಪುರ.