ಬಿರುದು ಕೈತಪ್ಪಿದ ವೈದ್ಯ

ಕಳೆದ ಶ್ರಾವಣದ ಒಂದು ಸೋಮವಾರ ನಾವು ಪೂಜೆ ಮುಗಿಸಿ ಪಡಸಾಲೆಗೆ ಬರುವಷ್ಟರಲ್ಲಿ ಒಬ್ಬ ಗೃಹಸ್ಥರು ಕಾದು ಕುಳಿತಿದ್ದರು. ಅನೇಕ ವರ್ಷಗಳಿಂದ ನಮ್ಮ ಪುರಾಣ ಪ್ರವಚನಗಳಿಗೆ ತಪ್ಪದೆ ಬರುವವರು. ಶರಣು ಮಾಡಿ ಕುಳಿತವರು ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ, "ಶಾಸ್ತ್ರಿಗಳ, ನಮ್ಮ ಹುಡುಗ ಲಿಂಗಪೂಜಿ ಬಿಟ್ಟಾನ್ರಿ. ಕೊರಳಾಗಿನ ಲಿಂಗಾ ತಗದು ಜಗಲಿ ಮ್ಯಾಲ ಇಟ್ಟಾನ" ಎಂದರು.

ಹುಡುಗ ನಮಗೆ ಗೊತ್ತಿದ್ದವನೇ. ಅವನಿಗೆ ಲಿಂಗದೀಕ್ಷೆಯಾದ ದಿನ ನಾವೂ ಅಲ್ಲಿದ್ದೆವು. ನೀಟ್ ಪರೀಕ್ಷೆಯಲ್ಲಿ ಒಳ್ಳೆಯ ಸ್ಥಾನ ಪಡೆದು ವೈದ್ಯಕೀಯ ಮಹಾವಿದ್ಯಾಲಯ ಸೇರಿದಾಗ ಅವರ ಓಣಿಯಲ್ಲೆಲ್ಲ ಪೇಢೆ ಹಂಚಿದ್ದರು. ಆದರೆ ಮೊದಲ ವರ್ಷದ ಪರೀಕ್ಷೆಯಲ್ಲಿ ಜೀವರಸಾಯನಶಾಸ್ತ್ರ ಅವನ ಕೈಹಿಡಿಯಲಿಲ್ಲ. ಪೂರಕ ಪರೀಕ್ಷೆಯಲ್ಲಿಯೂ ಹಾಗೆಯೇ ಆಯಿತು. ನಿಯಮದಂತೆ ಇನ್ನು ಕಿರಿಯರ ತಂಡದೊಡನೆ ಕುಳಿತು ಅದೇ ಪಾಠವನ್ನು ಮತ್ತೆ ಕೇಳಬೇಕು. ಹುಡುಗ ಊರಿಗೆ ಬಂದವನೇ ಕೋಣೆ ಸೇರಿದ. ತಾಯಿ ರಾತ್ರಿ ಆ ಕೋಣೆಯ ಬಾಗಿಲಿಗೆ ಅಡ್ಡಲಾಗಿ ಹಾಸಿಕೊಂಡು ಮಲಗುತ್ತಿದ್ದರಂತೆ. ಅದನ್ನು ಹೇಳುವಾಗ ಆ ಗೃಹಸ್ಥರ ಕಂಠ ಬಿಗಿಯಿತು.

"ಮೊದಲು ಮನೋವೈದ್ಯರಲ್ಲಿಗೆ ಕರೆದೊಯ್ಯಿರಿ, ಲಿಂಗಪೂಜೆಯ ಮಾತು ಆಮೇಲೆ" ಎಂದೆವು. ಅವರಿಗೆ ಅಚ್ಚರಿಯಾಯಿತು, ಮಂತ್ರಿಸಿದ ವಿಭೂತಿಯನ್ನು ನಿರೀಕ್ಷಿಸಿ ಬಂದವರಿಗೆ ಸ್ವಲ್ಪ ಅಸಮಾಧಾನವೂ ಆಗಿರಬೇಕು. ಮಠಗಳೇ ಆಸ್ಪತ್ರೆಗಳನ್ನು ಕಟ್ಟಿ ನಡೆಸುತ್ತಿರುವ ಈ ನಾಡಿನಲ್ಲಿ ಮನಸ್ಸಿನ ಬೇನೆಗೆ ವೈದ್ಯರಲ್ಲಿಗೆ ಹೋಗಲು ಸಂಕೋಚವೇಕೆಂಬುದು ನಮಗೆ ತಿಳಿಯದು. ಅವರು ನಮ್ಮ ಮಾತು ನಡೆಸಿದರು. ಒಂದು ತಿಂಗಳ ಬಳಿಕ ಹುಡುಗನನ್ನೂ ಕರೆತಂದರು.

ಅವನು ನೆಲ ನೋಡುತ್ತ ಕುಳಿತಿದ್ದ. ಕೇಳಿದ್ದಕ್ಕೆ ಮಾತ್ರ ಉತ್ತರ. ಪೂಜೆಯ ಮಾತು ಬಂದಾಗ ಮಾತ್ರ ಒಮ್ಮೆಲೆ, "ಅಜ್ಜಾರ, ಪರೀಕ್ಷಾಕ್ಕ ಹೋಗೂತನಕಾ ದಿನಾ ನೂರಾಎಂಟು ಸಲ ಮಂತ್ರ ಅಂದೀನ್ರಿ. ಸೋಮವಾರ ಉಪವಾಸ ಮಾಡೀನಿ. ಶಿವಾ ನನಗೇನು ಕೊಟ್ಟ?" ಎಂದ. ತಂದೆ ಗದರಿಸಹೋದರು. ನಾವು ತಡೆದೆವು. ಪ್ರಶ್ನೆ ಪ್ರಾಮಾಣಿಕವಾಗಿತ್ತು, ಅದಕ್ಕೆ ಸಿದ್ಧ ಉತ್ತರ ನಮ್ಮಲ್ಲಿರಲಿಲ್ಲ.

ಮಾತು ಹೊರಳಿಸಲು, ಯಾವ ಪಾಠ ಕಠಿಣವಾಯಿತೆಂದು ಕೇಳಿದೆವು. ಜೀವಕೋಶದಲ್ಲಿ ಶಕ್ತಿ ಹುಟ್ಟುವ ಕ್ರಮ, ಎ.ಟಿ.ಪಿ., ರಂಜಕದ ಅಳತೆ ಎಂದೇನೇನೋ ಹೇಳಿದ. ನಮಗೆ ತಟ್ಟನೆ ಒಂದು ಹೆಸರು ನೆನಪಾಯಿತು. "ಆ ಎ.ಟಿ.ಪಿ.ಯನ್ನು ಕಂಡುಹಿಡಿದವರಲ್ಲಿ ಒಬ್ಬರಿಗೆ ಎಂ.ಬಿ.ಬಿ.ಎಸ್. ಪದವಿಯೇ ಸಿಗಲಿಲ್ಲ, ಗೊತ್ತೇನಪ್ಪ?" ಎಂದೆವು. ಹುಡುಗ ಆಗ ಮೊದಲ ಬಾರಿಗೆ ತಲೆಯೆತ್ತಿದ.

ಅವರು ಯಲ್ಲಾಪ್ರಗಡ ಸುಬ್ಬರಾವ್. 1995ರಲ್ಲಿ ಅವರ ಜನ್ಮಶತಾಬ್ದಿಗೆ ಭಾರತದ ಅಂಚೆ ಇಲಾಖೆ ಚೀಟಿಯೊಂದನ್ನು ಹೊರಡಿಸಿದಾಗ ನಾವು ಆ ಹೆಸರನ್ನು ಮೊದಲು ಓದಿದ್ದು. ವ್ಯಾಕರಣ ಓದಿಕೊಂಡ ನಮಗೆ ರಸಾಯನಶಾಸ್ತ್ರದ ಗಂಧವಿಲ್ಲ. ಆದರೂ ಆ ಬದುಕು ಮನಸ್ಸಿನಲ್ಲಿ ನಿಂತುಬಿಟ್ಟಿತು.

ಅವರು ಹುಟ್ಟಿದ್ದು ಗೋದಾವರಿ ಸೀಮೆಯ ಭೀಮಾವರದಲ್ಲಿ, 1895ರ ಜನವರಿ 12ರಂದು. ಬಡತನದ ಮನೆ. ಮೆಟ್ರಿಕ್ ಪರೀಕ್ಷೆಯಲ್ಲಿ ಗೆದ್ದದ್ದು ಮೂರನೆಯ ಸಲ. (ಇದನ್ನು ಹೇಳಿದಾಗ ಹುಡುಗನ ತಂದೆ ಮಗನ ಕಡೆಗೊಮ್ಮೆ ನೋಡಿದರು.) ತರುಣನ ಒಲವು ಸಂನ್ಯಾಸದ ಕಡೆಗಿತ್ತು, ರಾಮಕೃಷ್ಣ ಮಿಷನ್ ಸೇರಬೇಕೆಂಬ ಹಂಬಲ. ತಾಯಿ ಒಪ್ಪಲಿಲ್ಲ. ವೈದ್ಯನಾದರೆ ರೋಗಿಗಳ ಸೇವೆಯಲ್ಲಿಯೇ ಆ ಹಂಬಲ ತೀರೀತೆಂದು ಮದ್ರಾಸಿನ ವೈದ್ಯಕೀಯ ಕಾಲೇಜು ಸೇರಿದರು. ಓದಿನ ಖರ್ಚಿಗೆ ಗೆಳೆಯರು ನೆರವಾದರು. ಮುಂದೆ ಮಾವನಾದವರೂ ನೆರವಾದರು.

ಅದು ಗಾಂಧೀಜಿಯವರು ವಿದೇಶಿ ವಸ್ತ್ರ ತ್ಯಜಿಸಿರೆಂದು ಕರೆಕೊಟ್ಟ ಕಾಲ. ಸುಬ್ಬರಾವ್ ಶಸ್ತ್ರಚಿಕಿತ್ಸೆಯ ನಿಲುವಂಗಿಯನ್ನು ಖಾದಿಯಲ್ಲಿ ಹೊಲಿಸಿ ತೊಟ್ಟರು. ಆಂಗ್ಲ ಪ್ರಾಧ್ಯಾಪಕರಿಗೆ ಅದು ಸಹನೆಯಾಗಲಿಲ್ಲ. ಲಿಖಿತ ಪರೀಕ್ಷೆಗಳನ್ನು ಚೆನ್ನಾಗಿ ಮಾಡಿದ್ದರೂ ಕೊನೆಗೆ ಕೈಗೆ ಬಂದದ್ದು ಎಂ.ಬಿ.ಬಿ.ಎಸ್. ಅಲ್ಲ, ಎಲ್.ಎಂ.ಎಸ್. ಎಂಬ ಕೆಳದರ್ಜೆಯ ಪ್ರಮಾಣಪತ್ರ. ಮದ್ರಾಸಿನ ಸರಕಾರಿ ವೈದ್ಯ ಸೇವೆಗೆ ಪ್ರಯತ್ನಿಸಿದರು, ಸಿಗಲಿಲ್ಲ. ಅವರು ಮದ್ರಾಸಿನ ಆಯುರ್ವೇದ ಕಾಲೇಜೊಂದರಲ್ಲಿ ಶರೀರರಚನಾಶಾಸ್ತ್ರದ ಉಪನ್ಯಾಸಕರಾದರು.

ಈ ನಡುವೆ ಮನೆಯಲ್ಲಿ ಇನ್ನೊಂದು ಪೆಟ್ಟು ಬಿದ್ದಿತ್ತು. ಸ್ಪ್ರೂ ಎಂಬುದೊಂದು ಕರುಳಿನ ಬೇನೆ. ಉಂಡದ್ದು ಮೈಗೆ ಹತ್ತುವುದಿಲ್ಲ, ರಕ್ತ ಬತ್ತುತ್ತದೆ. ಅದಕ್ಕೆ ಅವರ ಇಬ್ಬರು ಸೋದರರು ಕೆಲವೇ ದಿನಗಳ ಅಂತರದಲ್ಲಿ ಬಲಿಯಾದರು. ಅವರಿಗೇ ಆ ಬೇನೆ ತಗುಲಿದಾಗ ಆಯುರ್ವೇದ ವೈದ್ಯರ ಚಿಕಿತ್ಸೆಯಿಂದ ಉಳಿದುಕೊಂಡರು. ಪದವಿ ಕೊಡದ ವಿದ್ಯೆಯ ಮೇಲೆ ಮುನಿಸಿಕೊಳ್ಳಲು ಅವರಿಗೆ ಕಾರಣವಿತ್ತು. ದೇವರ ಮೇಲೆ ಮುನಿಯಲು ಅದಕ್ಕಿಂತ ದೊಡ್ಡ ಕಾರಣವಿತ್ತು. ಆದರೆ ಅವರು ಆ ರೋಗಕ್ಕೆ ಮದ್ದು ಹುಡುಕುವ ದಾರಿ ಹಿಡಿದರು.

1920ರ ದಶಕದ ಆರಂಭದಲ್ಲಿ ದಾನಿಗಳ ಹಾಗೂ ಮಾವನ ನೆರವಿನಿಂದ ಹಡಗು ಹತ್ತಿ ಅಮೆರಿಕದ ಬಾಸ್ಟನ್ ಮುಟ್ಟಿದರು. ಹೊಟ್ಟೆಪಾಡಿಗಾಗಿ ಆಸ್ಪತ್ರೆಯಲ್ಲಿ ರಾತ್ರಿಯ ಪರಿಚಾರಕ ಕೆಲಸ. ವೈದ್ಯನಾಗಬೇಕಾದವನು ರೋಗಿಗಳ ಮಲಮೂತ್ರದ ಪಾತ್ರೆ ಎತ್ತಬೇಕಾಯಿತು. ಹಗಲು ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಅಧ್ಯಯನ. ಅಲ್ಲಿ ಸೈರಸ್ ಫಿಸ್ಕೆ ಎಂಬುವರೊಡನೆ ರಕ್ತ ಮತ್ತು ಮೂತ್ರದಲ್ಲಿರುವ ರಂಜಕವನ್ನು ಅಳೆಯುವ ವಿಧಾನವನ್ನು 1925ರಲ್ಲಿ ಪ್ರಕಟಿಸಿದರು. 1929ರಲ್ಲಿ ಸ್ನಾಯುಗಳಲ್ಲಿರುವ ಎ.ಟಿ.ಪಿ.ಯನ್ನು ಕಂಡರು. ಅದೇ ವರ್ಷ ಜರ್ಮನಿಯ ಲೋಮನ್ ಕೂಡ ಸ್ವತಂತ್ರವಾಗಿ ಅದನ್ನು ಕಂಡಿದ್ದರು. "ಫಿಸ್ಕೆ-ಸುಬ್ಬರಾವ್ ಮೆಥಡ್ ನಮ್ಮ ಪ್ರಾಕ್ಟಿಕಲ್ ಪುಸ್ತಕದಾಗ ಐತ್ರಿ. ಇವರ ನಮ್ಮವರಂತ ಗೊತ್ತಿರಲಿಲ್ಲ" ಎಂದ ಹುಡುಗ.

ಅಷ್ಟೆಲ್ಲ ಆದರೂ ಹಾರ್ವರ್ಡಿನಲ್ಲಿ ಕಾಯಂ ಹುದ್ದೆ ಸಿಗಲಿಲ್ಲ. ಎರಡನೆಯ ಸಲ ಬಾಗಿಲು ಮುಚ್ಚಿತು. 1940ರಲ್ಲಿ ಅವರು ಲೆಡರ್ಲೆ ಎಂಬ ಔಷಧ ಸಂಸ್ಥೆಯ ಸಂಶೋಧನಾಲಯ ಸೇರಿದರು. ಅವರ ನೇತೃತ್ವದ ತಂಡ 1945ರಲ್ಲಿ ಫೋಲಿಕ್ ಆಮ್ಲವನ್ನು ಪ್ರಯೋಗಾಲಯದಲ್ಲಿ ತಯಾರಿಸಿತು. ಸೋದರರನ್ನು ಕೊಂಡೊಯ್ದ ಸ್ಪ್ರೂ ರೋಗದ ರಕ್ತಹೀನತೆಗೆ ಅದೇ ಮದ್ದಾಯಿತು. ಇಂದು ನಮ್ಮ ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯರು ಗರ್ಭಿಣಿಯರಿಗೆ ಕೊಡುವ ಕಬ್ಬಿಣಾಂಶದ ಮಾತ್ರೆಯಲ್ಲಿ ಈ ಫೋಲಿಕ್ ಆಮ್ಲವೂ ಇದೆ. ಆನೆಕಾಲು ರೋಗ ತಡೆಯಲೆಂದು ಕಲಬುರಗಿ, ಬೀದರ ಕಡೆಗೆ ಮನೆಮನೆಗೆ ಬಂದು ನುಂಗಿಸುವ ಡಿ.ಇ.ಸಿ. ಮಾತ್ರೆಯೂ ಅವರ ಸಂಶೋಧನಾಲಯದಿಂದಲೇ ಬಂದದ್ದು. ಅವರು ಒದಗಿಸಿದ ಅಮಿನೊಪ್ಟೆರಿನ್ ಎಂಬ ಔಷಧದಿಂದ ಬಾಸ್ಟನ್ನಿನ ಸಿಡ್ನಿ ಫಾರ್ಬರ್ ರಕ್ತದ ಅರ್ಬುದವಿದ್ದ ಮಕ್ಕಳಲ್ಲಿ ರೋಗವನ್ನು ಕೆಲಕಾಲವಾದರೂ ಹಿಮ್ಮೆಟ್ಟಿಸಿದರು. ಆ ವರದಿ 1948ರಲ್ಲಿ ಪ್ರಕಟವಾಯಿತು. ಅದೇ ವರ್ಷದ ಆಗಸ್ಟಿನಲ್ಲಿ, 53ನೆಯ ವಯಸ್ಸಿನಲ್ಲಿ, ಸುಬ್ಬರಾವ್ ತೀರಿಕೊಂಡರು.

ಒಂದು ಸಂಗತಿಯನ್ನು ನಾವು ಹುಡುಗನಿಂದ ಮುಚ್ಚಿಡಲಿಲ್ಲ, ವಾಚಕರಿಂದಲೂ ಮುಚ್ಚಿಡುವುದಿಲ್ಲ. ಊರು ಬಿಟ್ಟ ಸುಬ್ಬರಾವ್ ಮತ್ತೆ ತಾಯ್ನಾಡಿಗೆ ಮರಳಲೇ ಇಲ್ಲ. ಹುಟ್ಟಿದ ಮಗು ಎಳವೆಯಲ್ಲಿಯೇ ತೀರಿಹೋಯಿತು. ಕೈಹಿಡಿದ ಹೆಂಡತಿ ಇಲ್ಲಿಯೇ ಉಳಿದರು. ಗೃಹಸ್ಥಧರ್ಮವನ್ನು ದೊಡ್ಡದೆಂದು ನಂಬಿದ ನಮಗೆ ಇದನ್ನು ಹೊಗಳಲು ಬಾಯಿ ಬರುವುದಿಲ್ಲ. ಅವರು ನಮ್ಮ ಪಂಥದವರೂ ಅಲ್ಲ. ಒಳ್ಳೆಯವರನ್ನೆಲ್ಲ ನಮ್ಮವರೆಂದು ಎಳೆದುಕೊಳ್ಳುವ ಚಾಳಿ ಇತ್ತೀಚೆಗೆ ಹೆಚ್ಚಾಗಿದೆ. ಅದು ನಮಗೆ ಬೇಡ.

ಆದರೆ ನಾವು ಮಠದಲ್ಲಿ ಕಲಿತ ಒಂದು ಮಾತು ಈ ಬದುಕನ್ನು ಓದಿದ ಮೇಲೆ ಹೆಚ್ಚು ಸ್ಪಷ್ಟವಾಯಿತು. ಷಟ್‌ಸ್ಥಲದಲ್ಲಿ ಭಕ್ತನದು ಶ್ರದ್ಧಾಭಕ್ತಿ, ಮಹೇಶನದು ನಿಷ್ಠಾಭಕ್ತಿ. ಇವೆರಡರ ಭೇದವನ್ನು ನಾವು ವಿದ್ಯಾರ್ಥಿದೆಸೆಯಲ್ಲಿ ಬಾಯಿಪಾಠ ಮಾಡಿದ್ದೆವು, ತಿಳಿದಿರಲಿಲ್ಲ. ಮುಂದೆ ಒಂದು ಸಂಸ್ಕೃತ ಪರೀಕ್ಷೆಯಲ್ಲಿ ನಪಾಸಾಗಿ ಮಠಕ್ಕೆ ಮರಳಿದಾಗ ಗುರುಗಳು ಸಂತೈಸಲಿಲ್ಲ, ಬೈಯಲೂ ಇಲ್ಲ. "ನಾಳೆಯಿಂದ ದಾಸೋಹದಲ್ಲಿ ಬಡಿಸು" ಎಂದರು. ಒಂದು ವರ್ಷ ಬಡಿಸಿದೆವು. ಅಷ್ಟರವರೆಗೆ ನಮ್ಮ ಪೂಜೆಯೆಲ್ಲ ಪರೀಕ್ಷೆಯ ಅಂಕಗಳಿಗೆ ಕೊಟ್ಟ ಮುಂಗಡವಾಗಿತ್ತೆಂಬುದು ಸಾರಿನ ಕೊಳಗ ಹೊತ್ತು ಪಂಕ್ತಿಯ ನಡುವೆ ಓಡಾಡುವಾಗ ತಿಳಿಯಿತು. ಕೊಡುಕೊಳ್ಳುವ ವ್ಯಾಪಾರ ಮುರಿದುಬಿದ್ದ ಮೇಲೂ ಕೈಯಲ್ಲಿ ಲಿಂಗ ಉಳಿದಿದ್ದರೆ ಅಲ್ಲಿಂದ ನಿಷ್ಠೆ ಮೊದಲಾಗುತ್ತದೆ. ಹುಡುಗನಿಗೆ ಹೇಳಿದ್ದು ಇಷ್ಟೆ. ಲಿಂಗವನ್ನು ಮತ್ತೆ ಧರಿಸೆಂದು ನಾವು ಹೇಳಲಿಲ್ಲ.

ಹೊರಡುವಾಗ ಅವನು ಹೊಸ್ತಿಲಲ್ಲಿ ನಿಂತು, "ಅಜ್ಜಾರ, ಅವರಿಗೆ ಕಡೀಕಾದರೂ ಎಂ.ಬಿ.ಬಿ.ಎಸ್. ಕೊಟ್ಟರೇನ್ರಿ?" ಎಂದು ಕೇಳಿದ.

"ಇಲ್ಲಪ್ಪ, ಕೊಡಲಿಲ್ಲ" ಎಂದೆವು.

ಅವನು ಆ ವರ್ಷವೇ ಕಾಲೇಜಿಗೆ ಮರಳಿ ಕಿರಿಯರ ಜತೆ ಕುಳಿತ. ಕಳೆದ ತಿಂಗಳು ಅವನ ತಾಯಿ ದೂರವಾಣಿಯಲ್ಲಿ ಮಾತನಾಡಿದರು. ರಜೆಗೆ ಬಂದಾಗ ಒಂದು ಬೆಳಿಗ್ಗೆ ಯಾರೂ ಹೇಳದೆ ಜಗಲಿಯ ಮುಂದೆ ಕುಳಿತಿದ್ದನಂತೆ. ಏನು ಬೇಡಿಕೊಂಡೆಯೆಂದು ತಾಯಿ ಕೇಳಿದ್ದಕ್ಕೆ, "ಏನೂ ಇಲ್ಲಬೇ, ಸುಮ್ನ ಕುಂತಿದ್ದೆ" ಎಂದನಂತೆ. ಪರೀಕ್ಷೆ ಮುಗಿದಿದೆ. ಫಲಿತಾಂಶ ಇನ್ನೂ ಬಂದಿಲ್ಲ.