ವ್ಯಾಕ್ಸಿನ್ ಪದದ ನಿಷ್ಪತ್ತಿ

'ವ್ಯಾಕ್ಸಿನ್' ಎಂಬುದು ರೋಗನಿರೋಧಕ ಲಸಿಕೆಯನ್ನು ಸೂಚಿಸುವ ಇಂಗ್ಲಿಷ್ ಪದ. ಇದರ ಮೂಲ ಲ್ಯಾಟಿನ್ ಭಾಷೆಯ 'ವಾಕ್ಕಾ', ಅಂದರೆ ಹಸು. ಅದರಿಂದ ಸಾಧಿತವಾದ ವಿಶೇಷಣ 'ವಾಕ್ಕಿನುಸ್'. ಇದರ ಅರ್ಥ 'ಹಸುವಿಗೆ ಸಂಬಂಧಿಸಿದ' ಎಂದು. ಇಂದಿನ ಲಸಿಕೆಗಳಲ್ಲಿ ಹೆಚ್ಚಿನವಕ್ಕೂ ಹಸುವಿನ ರೋಗಕ್ಕೂ ನಂಟಿಲ್ಲ. ಆದರೂ ಹೆಸರಿನಲ್ಲಿ ಹಸು ಉಳಿದಿರುವುದಕ್ಕೆ ಕಾರಣ ಸಿಡುಬು.

ವ್ಯಾಕ್ಸಿನ್ ಬರುವ ಮೊದಲು ಇಂಗ್ಲೆಂಡಿನಲ್ಲಿ ಸಿಡುಬಿನ ಕೀವನ್ನೇ ಆರೋಗ್ಯವಂತರ ಚರ್ಮಕ್ಕೆ ಸೇರಿಸುವ ಪದ್ಧತಿಯಿತ್ತು. ಅದನ್ನು 'ಇನಾಕ್ಯುಲೇಷನ್' ಎನ್ನುತ್ತಿದ್ದರು. ಇದು ತೋಟಗಾರಿಕೆಯ ಮಾತು: ಲ್ಯಾಟಿನ್ನಿನ 'ಓಕುಲುಸ್' ಎಂದರೆ ಕಣ್ಣು, ಗಿಡದ ಮೊಗ್ಗು ಎಂದೂ ಅರ್ಥ. ಒಂದು ಗಿಡದ ಮೊಗ್ಗನ್ನು ಮತ್ತೊಂದಕ್ಕೆ ಕಸಿ ಮಾಡುವ ಕ್ರಿಯೆಗಿದ್ದ ಪದ ವೈದ್ಯಕ್ಕೆ ಬಂತು. ಈ ಪದ್ಧತಿಯಿಂದ ಕೆಲವರು ಸಿಡುಬಿಗೇ ಬಲಿಯಾಗುತ್ತಿದ್ದರು.

ಹಸುವಿನ ಕೆಚ್ಚಲಿನಿಂದ ತಗಲುವ ಸೌಮ್ಯವಾದ ಗೋಸಿಡುಬು ಬಂದವರಿಗೆ ಸಿಡುಬು ಬರುವುದಿಲ್ಲವೆಂಬ ನಂಬಿಕೆ ಗ್ಲಾಸ್ಟರ್‌ಷೈರಿನ ಹೈನುಗಾರರಲ್ಲಿತ್ತು. ಅಲ್ಲಿನ ವೈದ್ಯ ಎಡ್ವರ್ಡ್ ಜೆನ್ನರ್, 1796ರ ಮೇ 14ರಂದು ಹಾಲು ಕರೆಯುವ ಸಾರಾ ನೆಲ್ಮ್ಸ್ ಎಂಬಾಕೆಯ ಕೈಮೇಲಿನ ಗುಳ್ಳೆಯಿಂದ ತೆಗೆದ ರಸವನ್ನು ಎಂಟು ವರ್ಷದ ಜೇಮ್ಸ್ ಫಿಪ್ಸ್‌ನ ತೋಳಿಗೆ ಹಾಕಿದನು. ಮುಂದೆ ಸಿಡುಬಿನ ಕೀವನ್ನೇ ಹಾಕಿದರೂ ಹುಡುಗನಿಗೆ ರೋಗ ಬರಲಿಲ್ಲ. ಇಂತಹ ಪ್ರಯೋಗವನ್ನು ಇಂದಿನ ವೈದ್ಯನೀತಿ ಒಪ್ಪದು.

1798ರ ತನ್ನ ಗ್ರಂಥದ ಶೀರ್ಷಿಕೆಯಲ್ಲಿ ಜೆನ್ನರ್ ಗೋಸಿಡುಬನ್ನು 'ವೇರಿಯೋಲೇ ವ್ಯಾಕ್ಸಿನೇ', ಅಂದರೆ 'ಹಸುವಿನ ಸಿಡುಬು' ಎಂದು ಕರೆದನು. ಇದು ಬರಿಯ ಹೆಸರಲ್ಲ, ಒಂದು ವಾದವೂ ಹೌದು: ಎರಡೂ ರೋಗಗಳು ಒಂದೇ ಕುಲದವೆಂದು ಹೆಸರೇ ಸಾರುತ್ತಿತ್ತು. 'ವ್ಯಾಕ್ಸಿನೇಷನ್' ಎಂಬ ರೂಪವನ್ನು 1800ರಲ್ಲಿ ಬಳಕೆಗೆ ತಂದವನು ಜೆನ್ನರನ ಮಿತ್ರ, ಪ್ಲಿಮತ್‌ನ ವೈದ್ಯ ರಿಚರ್ಡ್ ಡನ್ನಿಂಗ್.

ಸುಮಾರು ಎಂಟು ದಶಕಗಳ ಕಾಲ ಪದದ ಅರ್ಥ ಸಿಡುಬಿಗೇ ಸೀಮಿತವಾಗಿತ್ತು. ಕೋಳಿಗಳ ಕಾಲರಾ ಹಾಗೂ ನೆರಡಿ ರೋಗಗಳಿಗೆ ಲಸಿಕೆ ಸಿದ್ಧಪಡಿಸಿದ್ದ ಲೂಯಿ ಪಾಶ್ಚರ್, 1881ರಲ್ಲಿ ಲಂಡನ್ನಿನ ಅಂತರರಾಷ್ಟ್ರೀಯ ವೈದ್ಯ ಸಮ್ಮೇಳನದಲ್ಲಿ, ಜೆನ್ನರನ ಗೌರವಾರ್ಥ ಇಂತಹ ಎಲ್ಲ ಸಿದ್ಧತೆಗಳಿಗೂ ಈ ಹೆಸರನ್ನು ವಿಸ್ತರಿಸಬೇಕೆಂದು ಸೂಚಿಸಿದನು. ಸೋಜಿಗವೆಂದರೆ, ಸಿಡುಬಿನ ಲಸಿಕೆಯಲ್ಲಿ ಮುಂದೆ ಬಳಕೆಯಲ್ಲಿದ್ದ 'ವ್ಯಾಕ್ಸಿನಿಯಾ' ವೈರಸ್ ಗೋಸಿಡುಬಿನದಲ್ಲ; ತಳಿವಿಜ್ಞಾನದ ಪ್ರಕಾರ ಅದು ಕುದುರೆ ಸಿಡುಬಿನ ವೈರಸ್ಸಿಗೆ ಹೆಚ್ಚು ಸಮೀಪದ್ದು.

ಕನ್ನಡದ 'ಲಸಿಕೆ' ಪದದಲ್ಲಿ ಹಸುವಿನ ಸುಳಿವಿಲ್ಲ. ಅದರ ಮೂಲ ಸಂಸ್ಕೃತದ 'ಲಸೀಕಾ'. ದೇಹದೊಳಗಿನ ನೀರಿನಂಥ ದ್ರವ ಎಂದು ಅರ್ಥ. ಗುಳ್ಳೆಯಿಂದ ತೆಗೆದ ರಸವನ್ನು ಇಂಗ್ಲಿಷರು 'ಲಿಂಫ್' ಎನ್ನುತ್ತಿದ್ದುದಕ್ಕೆ ಇದು ಹೊಂದುತ್ತದೆ. ಆಡುಮಾತಿನಲ್ಲಿ 'ದಾಕು ಹಾಕಿಸುವುದು' ಎಂಬ ಬಳಕೆಯೂ ಇತ್ತು.